ನಾಲಿಗೆ ನೆಂಟ

ನಮ್ಮೂರಿನಲ್ಲಿ ಯಾರಿಗೂ ತಮ್ಮ ಕೈಯಡುಗೆಯ ರುಚಿ ತಿಳಿಯುವುದಿಲ್ಲ. ತಾನೇ ಮಾಡಿದ ಸಾರು ತನಗೆ ಬಿಸಿನೀರು, ತಾನೇ ಕಲಸಿದ ಚಿತ್ರಾನ್ನ ತನಗೆ ಬರೀ ಬೆಂದ ಕಾಳು. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಒಲೆಯ ಮುಂದೆ ಕೂತು ಅಳುತ್ತಾರೆ, ಎರಡನೇ ವಾರ ಗೋಡೆಯಾಚೆ ಕೈ ಚಾಚುವುದನ್ನು ಕಲಿಯುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಬಂದು ನೋಡಿ, ಪ್ರತಿ ಕಾಂಪೌಂಡ್ ಗೋಡೆಯ ಮೇಲೂ ಒಂದು ತಟ್ಟೆ ಆಚೆ ಹೋಗುತ್ತಿರುತ್ತದೆ, ಒಂದು ಈಚೆ ಬರುತ್ತಿರುತ್ತದೆ. ಅಡುಗೆ ಮಾಡಿದವರು ಉಣ್ಣುವುದು ಪಕ್ಕದ ಮನೆಯದನ್ನು. ಉಪ್ಪು ಹುಳಿ ನೋಡಿ ಹೇಳುವುದಕ್ಕೂ ಪಕ್ಕದ ಮನೆಯವರೇ ಬೇಕು. ಹೀಗೆ ನೋಡಿ ಹೇಳುವವರನ್ನು ನಾವು ನಾಲಿಗೆ ನೆಂಟರು ಅನ್ನುತ್ತೇವೆ. ಈ ನೆಂಟಸ್ತನ ತಾತನಿಂದ ಮೊಮ್ಮಗನವರೆಗೆ ಇಳಿದು ಬರುತ್ತದೆ, ಜಗಳವಾದರೂ ಬಿಡುವ ಹಾಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರಾದರೂ ಪರಸ್ಥಳದವರು ನಮ್ಮಲ್ಲಿ ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ.

ನನ್ನ ಹೆಸರು ಶೇಷಣ್ಣ. ಹೊಲಿಗೆ ಮಿಷನ್ ರಿಪೇರಿ ನನ್ನ ಕಸುಬು. ಆದರೆ ಊರಿನಲ್ಲಿ ನನಗೆ ಮರ್ಯಾದೆ ಸಿಗುವುದು ಅದರಿಂದಲ್ಲ, ಪಕ್ಕದ ಮನೆಯ ಸಲೋಮಿಯ ನಾಲಿಗೆ ನೆಂಟನೆಂದು. ಸಲೋಮಿ ಬಿಯರ್ ಕಾಯಿಸುತ್ತಾಳೆ. ಎಂತೆಂಥದೋ ಅಲ್ಲ, ಕಂದು ಪೋರ್ಟರ್. ರೈಲು ಹಾಕಲು ಬಂದಿದ್ದ ಬಿಳಿಯ ಇಂಜಿನಿಯರೊಬ್ಬ ಅವಳ ಮುತ್ತಜ್ಜನಿಗೆ ಕಲಿಸಿ ಹೋದದ್ದು. ಅವನ ದೇಶದಲ್ಲಿ ಮೂಟೆ ಹೊರುವ ಹಮಾಲರು ಕುಡಿಯುತ್ತಿದ್ದುದಂತೆ. ಊರಿನಲ್ಲಿ ನಾಲ್ಕು ಮನೆಗಳಲ್ಲಿ ಈಗಲೂ ಕಾಯಿಸುತ್ತಾರೆ. ಸುಗ್ಗಿ ಮುಗಿದ ಮೊದಲ ಭಾನುವಾರ ಹಳೇ ಗೂಡ್ಸ್ ಶೆಡ್ಡಿನಲ್ಲಿ ನಾಲ್ಕೂ ಪೀಪಾಯಿಗಳನ್ನು ಬಿಚ್ಚಿ, ಮೂವರು ರುಚಿ ನೋಡಿ ಅಂಕ ಹಾಕುತ್ತಾರೆ. ಆ ಮೂವರಲ್ಲಿ ನಾನೊಬ್ಬ. ಇದು ಹಮ್ಮಿನ ಮಾತಲ್ಲ, ಇದ್ದದ್ದನ್ನು ಹೇಳಿದೆ. ಸ್ವಲ್ಪ ಹಮ್ಮೂ ಇದೆ.

ಒಳ್ಳೆಯ ಪೋರ್ಟರ್ ಎಂದರೆ ಏನು ಎಂದು ಕೇಳಿದರೆ ನಾನು ಅರ್ಧ ದಿನ ಮಾತಾಡಬಲ್ಲೆ, ಇಲ್ಲಿ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಮೇಜಿನ ಮೇಲಿಟ್ಟಾಗ ಕಪ್ಪಗೆ ಕಾಣಬೇಕು, ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಕೆಂಪು ಒಡೆಯಬೇಕು. ಬಾಯಿಗಿಟ್ಟರೆ ಮೊದಲು ಬ್ರೆಡ್ಡಿನ ಕಂದು ಅಂಚು, ಆಮೇಲೆ ಹುರಿಗಡಲೆ, ಬೆಲ್ಲದ ಪಾಕ, ಅದರ ಹಿಂದೆ ಸಿಹಿ ಹಾಕದ ಕೋಕೋ, ಕಡೆಗೆ ಹಾಪ್ ಹೂವಿನ ಒಂದು ಚೂರು ಕಹಿ. ಹುರಿದ ವಾಸನೆ ಬೇಕು, ಸುಟ್ಟ ವಾಸನೆ ಕೂಡದು. ಕಷ್ಟವಿರುವುದೆಲ್ಲ ಆ ಎರಡರ ನಡುವೆ. ಅದನ್ನು ಸಲೋಮಿಯ ಅಪ್ಪ ಸಮುವೇಲಪ್ಪನಷ್ಟು ಬಲ್ಲವರು ಇರಲಿಲ್ಲ. ಅವನ ಪೋರ್ಟರ್ ಕುಡಿದ ದಿನ ಜನ ತಮ್ಮ ಶತ್ರುಗಳ ಮನೆಯ ಬಾಗಿಲನ್ನೂ ದಾರಿಯಲ್ಲಿ ತಟ್ಟಿ ವಿಚಾರಿಸಿಕೊಂಡು ಹೋಗುತ್ತಿದ್ದರು.

ಆ ಪೋರ್ಟರ್ ಹೇಗಿತ್ತು ಎಂದು ಸಮುವೇಲಪ್ಪನಿಗೆ ಗೊತ್ತಿರಲಿಲ್ಲ, ಸರಿ, ಅವನು ಕಾಯಿಸಿದವನು. ಆದರೆ ಸಲೋಮಿಗೂ ಗೊತ್ತಿಲ್ಲ. ತಾಯಿಯಿಲ್ಲದ ಮಗು, ಕೈಗೆ ಬಲ ಬಂದಾಗಿನಿಂದ ಅಪ್ಪನ ಜೊತೆ ಹಂಡೆಯ ಮುಂದೆ ನಿಂತು ಕಾಳು ತಿರುಗಿಸಿದವಳು, ಅದು ಅವಳ ಕೈಯಡುಗೆಯೂ ಹೌದು. ಅಪ್ಪ ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಮಣ್ಣು ಮಾಡಿ ಬಂದ ಸಂಜೆ ಅವಳು ನನ್ನೆದುರು ನಿಂತು, "ಶೇಷ, ಅಪ್ಪಂದು ಹೆಂಗಿತ್ತು ಅಂತ ನಿನ್ನ ನಾಲಿಗೆಗೆ ಗೊತ್ತು. ನಂದು ಅದರ ಸಮ ಬಂದ ದಿನ ಹೇಳು. ಅವತ್ತು ಹುಟ್ಟು ತೊಳೆದು ಅಟ್ಟಕ್ಕೆ ಹಾಕ್ಬಿಡ್ತೀನಿ" ಎಂದಳು. ಹುಟ್ಟು ಎಂದರೆ ಹಂಡೆಯಲ್ಲಿ ಕಾಳು ತಿರುಗಿಸುವ, ನನ್ನ ಭುಜದಷ್ಟು ಎತ್ತರದ ಮರದ ಕೈ. ಸಮುವೇಲಪ್ಪನ ಪೋರ್ಟರ್ ಕುಡಿದವರು ಇನ್ನೂ ಹತ್ತಾರು ಜನ ಇದ್ದಾರೆ, ಆದರೆ ಅವರೆಲ್ಲ ತಮ್ಮ ಪ್ರಾಯವನ್ನೂ ಅದರಲ್ಲಿ ಬೆರೆಸಿಕೊಂಡು ನೆನೆಯುತ್ತಾರೆ. ಸಲೋಮಿಗೆ ಅವರ ಮಾತು ಮಾತೇ ಅಲ್ಲ.

ಅಂದಿನಿಂದ ಪ್ರತಿ ವರ್ಷ ನಾನು ಕುಡಿದು, ಕಣ್ಣು ಮುಚ್ಚಿ, ಆಮೇಲೆ, "ಒಂದು ಗೇಣು ಕಡಿಮೆ ಕಣೆ" ಎನ್ನುತ್ತಿದ್ದೆ. ಅವಳು ಏನು ಕಡಿಮೆ, ಎಲ್ಲಿ ಕಡಿಮೆ ಎಂದು ಕೇಳಿ, ಮುಂದಿನ ವರ್ಷ ಬಾರ್ಲಿಯನ್ನು ಇನ್ನೊಂದು ಹದಕ್ಕೆ ಹುರಿಯುತ್ತಿದ್ದಳು. ಈಗ ಒಂದು ಮಾತು ನಿಮಗೆ ಹೇಳಿಬಿಡುತ್ತೇನೆ, ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಒಂಬತ್ತು ವರ್ಷದ ಹಿಂದೆಯೇ ಅವಳ ಪೋರ್ಟರ್ ಅಪ್ಪನದರ ಸಮ ಬಂದಿತ್ತು. ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು, ಕಣ್ಣಲ್ಲಿ ನೀರು ಬಂತು. ಅವಳು ಎದುರಿಗೆ ನಿಂತಿದ್ದಳು, ಕೂದಲಿನಲ್ಲಿ ಹೊಟ್ಟು ಅಂಟಿಸಿಕೊಂಡು. ಈಗ ಹೌದು ಎಂದರೆ ಹುಟ್ಟು ಅಟ್ಟಕ್ಕೆ ಹೋಗುತ್ತದೆ, ಒಲೆ ಆರುತ್ತದೆ, ಗೋಡೆಯಾಚೆ ಸದ್ದಿರುವುದಿಲ್ಲ. ನನ್ನ ಹೆಂಡತಿ ಹೋದ ಮೂರನೇ ವರ್ಷ ಅದು. "ಹೊಗೆ ಹಿಡಿದು ಕಣ್ಣುರಿ" ಎಂದು ಹೇಳಿ, ಒಂದು ಗೇಣು ಕಡಿಮೆ ಎಂದುಬಿಟ್ಟೆ. ಒಂದು ಸಲ ಹೇಳಿದ ಮೇಲೆ ಎರಡನೇ ಸಲ ಸುಲಭ. ಒಂಬತ್ತನೇ ಸಲಕ್ಕೆ ಅದು ನನಗೇ ನಿಜದ ಹಾಗೆ ಕೇಳುತ್ತಿತ್ತು.

ಈ ವರ್ಷ ಅವಳ ಮಣಿಕಟ್ಟುಗಳು ಊದಿಕೊಂಡವು. ತಟ್ಟೆ ಗೋಡೆಯ ಮೇಲಿಡಲೂ ಎರಡು ಕೈ ಬೇಕಾಯಿತು. "ಸಮ ಬರಲಿ ಬಿಡಲಿ, ಇದೇ ಕೊನೆ ಕಣೋ. ಆದ್ರೆ ಈ ಸಲ ನೀನು ಬಾಯಲ್ಲಿ ಚೆನ್ನಾಗಿ ಇಟ್ಕೊಂಡು ನೋಡಿ ಹೇಳ್ಬೇಕು. ಅಪ್ಪಂದಾ ಅಲ್ವಾ ಅಂತ ಗೊತ್ತಾಗ್ದೆ ನಾನು ಸಾಯಲ್ಲ" ಎಂದಳು. ಆಗ ನಾನು ನಿಶ್ಚಯ ಮಾಡಿದೆ. ಈ ಸಲ ಅದು ಹದವಾಗಿ ಬಂದರೆ ನಿಜ ಹೇಳಿಬಿಡುವುದು. ಹಳೆಯ ಒಂಬತ್ತು ವರ್ಷದ ಮಾತು ನನ್ನ ಹೊಟ್ಟೆಯೊಳಗೇ ಕರಗಲಿ, ಅವಳು ಇದೊಂದರ ಸಂತೋಷದಲ್ಲಿ ಹುಟ್ಟು ಕೆಳಗಿಡಲಿ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಕಾಯಿಸುವ ದಿನ ನನಗೆ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಮಧ್ಯಾಹ್ನ ತಟ್ಟೆ ಹಿಡಿದು ಗೋಡೆಯ ಹತ್ತಿರ ಹೋದರೆ ಆಚೆಯಿಂದ ಉತ್ತರವಿಲ್ಲ. ಸುತ್ತಿಕೊಂಡು ಹಿತ್ತಲಿಗೆ ಹೋದೆ. ಸಲೋಮಿ ಮಣೆಯ ಮೇಲೆ ಕೂತು, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ಹಿಂದಿನ ರಾತ್ರಿಯೆಲ್ಲ ಕೈನೋವಿಗೆ ಎದ್ದು ಕೂತಿದ್ದಳೆಂದು ನನಗೆ ಗೊತ್ತಿತ್ತು. ಹಂಡೆಯೊಳಗೆ ನುಚ್ಚು ಮಾಡಿದ ಬಾರ್ಲಿ ಗಟ್ಟಿ ಅಂಬಲಿಯ ಹಾಗಾಗಿದೆ, ಒಂದೊಂದೇ ಗುಳ್ಳೆ ತಳದಿಂದ ಎದ್ದು ಒಡೆಯುತ್ತಿದೆ. ಇನ್ನೈದು ನಿಮಿಷ ಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಸುಟ್ಟ ವಾಸನೆ, ಸುಟ್ಟ ವಾಸನೆ ಬಂದರೆ ಕೊನೆಯ ಪೀಪಾಯಿ ದಂಡ. ಹುರಿದ ಬಾರ್ಲಿ ಅಷ್ಟೇ ಇದ್ದದ್ದು.

ಎಬ್ಬಿಸಬೇಕಿತ್ತು. ಇದನ್ನು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಿದ್ದೆಯಲ್ಲಿ ಅವಳ ಮುಖದಲ್ಲಿ ನೋವಿರಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಆ ಮುಖವನ್ನು ಹಾಗೆ ನೋಡಿದ್ದು. ಹುಟ್ಟು ತೆಗೆದುಕೊಂಡು ತಿರುಗಿಸತೊಡಗಿದೆ.

ಕಾಯಿದೆ ನನಗೆ ಗೊತ್ತಿಲ್ಲದ್ದಲ್ಲ. ಯಾವುದು ಅಡುಗೆಗೆ ಕೈ ಹಾಕಿದ ಲೆಕ್ಕ, ಯಾವುದು ಅಲ್ಲ ಎಂದು ನಮ್ಮೂರಿನ ಅತ್ತೆ ಸೊಸೆಯರು ತಲೆಮಾರುಗಳಿಂದ ವಾದಿಸಿ ಒಂದಿಷ್ಟು ಗೊತ್ತು ಮಾಡಿದ್ದಾರೆ. ಈರುಳ್ಳಿ ಸುಲಿದರೆ ಪರವಾಗಿಲ್ಲ. ಬೆಂಕಿ ಹಚ್ಚಿದರೆ ಪರವಾಗಿಲ್ಲ. ಉಪ್ಪು ಹಾಕಿದರೆ ರುಚಿ ಅರ್ಧ ಹೋಗುತ್ತದೆ. ಸೌಟು ಆಡಿಸಿದರೆ ಪೂರ್ತಿ ಹೋಗುತ್ತದೆ. ಮೂರು ಸುತ್ತಿನವರೆಗೆ ಮಾಫಿ ಎಂದು ಕೆಲವರು, ಏಳು ಎಂದು ಇನ್ನು ಕೆಲವರು. ನಾನು ಅರ್ಧ ಗಂಟೆ ತಿರುಗಿಸಿದೆ. ಅವಳು ಮಿಸುಕಿದಾಗ ಹುಟ್ಟನ್ನು ಇದ್ದಲ್ಲೇ ಒರಗಿಸಿ, ತಟ್ಟೆ ಎತ್ತಿಕೊಂಡು ಈಗತಾನೇ ಬಂದವನ ಹಾಗೆ ನಿಂತೆ.

"ಅಯ್ಯೋ, ಮಲಗ್ಬಿಟ್ನಾ? ತಳ ಹಿಡೀತೇನೋ?"

"ಇಲ್ಲ ಕಣೆ. ನೀನು ಎರಡು ನಿಮಿಷ ಕಣ್ಣು ಮುಚ್ಚಿದ್ದೆ ಅಷ್ಟೆ."

ಮೂಗು ಕಟ್ಟಿದ್ದರಿಂದ ಅದರ ರುಚಿ ವಾಸನೆ ನನ್ನ ಪಾಲಿಗೆ ಹೋಗಿದೆಯೋ ಇದೆಯೋ ತಿಳಿಯಲಿಲ್ಲ. ನೆಗಡಿ ವಾಸಿಯಾಗುವಷ್ಟರಲ್ಲಿ ಪೀಪಾಯಿಗೆ ಬಿರಡೆ ಬಿದ್ದಿತ್ತು. ಮುಂದಿನ ಆರು ವಾರ ನಾನು ಬಲ್ಲವರನ್ನೆಲ್ಲ ಯಾವುದೋ ನೆಪದಲ್ಲಿ ವಿಚಾರಿಸಿದೆ. ಬೇರೆಯವರು ಅರ್ಧ ಬೇಯಿಸಿದ್ದನ್ನು ನಡುವೆ ತಿರುಗಿಸಿದರೆ? ಒಲೆಯವಳು ಅಲ್ಲೇ ಕೂತಿದ್ದರೆ? ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ನನ್ನ ಪ್ರಶ್ನೆಗಳನ್ನು ಕೇಳಿ ಜನ ನಾನು ಎರಡನೇ ಮದುವೆಯ ಯೋಚನೆಯಲ್ಲಿದ್ದೇನೆ ಅಂದುಕೊಂಡರು.

ಆ ಭಾನುವಾರ ಗೂಡ್ಸ್ ಶೆಡ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಪೂರ್ವದ ಗೋಡೆಯವರೆಗೂ ಬಿದ್ದಿತ್ತು. ನನ್ನ ಎಡಕ್ಕೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಜಯಶೀಲಾ ಟೀಚರ್, ಬಲಕ್ಕೆ ದನದಾಸ್ಪತ್ರೆಯ ಕಾಂಪೌಂಡರ್ ಗಜೇಂದ್ರ. ಒಟ್ಟು ಐವತ್ತು ಅಂಕ. ವಾಸನೆಗೆ ಹನ್ನೆರಡು, ನೋಟಕ್ಕೆ ಮೂರು, ರುಚಿಗೆ ಇಪ್ಪತ್ತು, ಬಾಯಿ ತುಂಬುವುದಕ್ಕೆ ಐದು, ಮಿಕ್ಕ ಹತ್ತು ಒಟ್ಟು ತೃಪ್ತಿಗೆ. ಹಾಳೆ ತುಂಬುವವರೆಗೂ ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ, ಟೀಚರ್ ಇರುವಾಗ ಆಡುವ ಧೈರ್ಯವೂ ಯಾರಿಗಿಲ್ಲ. ಮೊದಲನೆಯ ಪೀಪಾಯಿ ಹೊತ್ತಿದ ಬಾಣಲೆಯ ಹಾಗಿತ್ತು. ಎರಡನೆಯದರಲ್ಲಿ ಕಾಯಿ ಸೀಬೆಯ ವಾಸನೆ, ಅವಸರಕ್ಕೆ ಬಿಚ್ಚಿದ್ದಾರೆ, ಇನ್ನೂ ಹದಿನೈದು ದಿನ ಬಿಡಬೇಕಿತ್ತು. ಮೂರನೆಯದು ಚೆನ್ನಾಗಿಯೇ ಇತ್ತು, ಆದರೆ ತೆಳ್ಳಗೆ, ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯಲಿಲ್ಲ. ಎಲ್ಲವನ್ನೂ ಬರೆದೆ. ನನ್ನ ನಾಲಿಗೆ ಅಂದು ಕತ್ತಿಯ ಹಾಗಿತ್ತು. ಇನ್ನು ಭಯವಿಲ್ಲ ಎಂದುಕೊಂಡೆ.

ನಾಲ್ಕನೆಯ ಗ್ಲಾಸು ಬಂತು, ಸಲೋಮಿಯದು. ಬೆಳಕಿಗೆ ಹಿಡಿದೆ. ಅಂಚಿನಲ್ಲಿ ದಾಳಿಂಬೆ ಕೆಂಪು, ಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ. ಮೂರಕ್ಕೆ ಮೂರು. ಮೂಗಿನ ಹತ್ತಿರ ತಂದೆ. ಏನೂ ಇಲ್ಲ. ಮತ್ತೆ ಎಳೆದುಕೊಂಡೆ. ತೊಳೆದ ಗಾಜಿನ ತಂಪು ಬಿಟ್ಟರೆ ಏನೂ ಇಲ್ಲ. ಒಂದು ಗುಟುಕು ಕುಡಿದೆ, ನೀರು. ಎರಡನೇ ಗುಟುಕು, ಅದೇ ನೀರು, ಹೊಟ್ಟೆಗಿಳಿದು ಬೆಚ್ಚಗಾದದ್ದಷ್ಟೇ ಬೇರೆ.

ಬಲಗಡೆ ಗಜೇಂದ್ರ ಕಾಯಿದೆ ಮರೆತು ಗೊಣಗುತ್ತಿದ್ದ. "ಹುರಿಗಡಲೆ... ಅಯ್ಯಯ್ಯೋ... ಪಾಕ..." ಎಡಗಡೆ ಟೀಚರ್ ಗ್ಲಾಸು ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಲವತ್ತು ವರ್ಷ ಮಕ್ಕಳಿಗೆ ಹತ್ತಕ್ಕೆ ಆರಕ್ಕಿಂತ ಹೆಚ್ಚು ಕೊಟ್ಟವರಲ್ಲ ಅವರು. ಹಾಳೆಯಲ್ಲಿ ನಲವತ್ತೇಳು ಬರೆದದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ನಾನೂ ಬರೆಯಬಹುದಿತ್ತು. ಪೆನ್ಸಿಲು ಕೈಯಲ್ಲೇ ಇತ್ತು. ಇವರಿಬ್ಬರ ಮುಖ ನೋಡಿದರೆ ಅದು ಸಮ ಬಂದಿದೆ ಎಂದು ಕುರುಡನೂ ಹೇಳುತ್ತಿದ್ದ.

ಸಲೋಮಿ ಕಂಬದ ಹತ್ತಿರ ನಿಂತಿದ್ದಳು. ಬೇರೆಯವರ ಮುಖ ಅವಳು ನೋಡಲೂ ಇಲ್ಲ.

"ಶೇಷ," ಎಂದಳು. "ಅಪ್ಪಂದೇನಾ?"

ಹೌದು ಎಂದುಬಿಡಬಹುದಿತ್ತು. ಆದರೆ ಒಂಬತ್ತು ವರ್ಷ ಇಲ್ಲ ಎಂದು ಸುಳ್ಳು ಹೇಳಿದವನು, ಇಂದು ಹೌದು ಎಂದೂ ಸುಳ್ಳೇ ಹೇಳಿದರೆ ಈ ಹೆಂಗಸಿಗೆ ನನ್ನಿಂದ ಸಿಕ್ಕ ನಿಜ ಯಾವುದು?

"ನಂಗೆ ನೀರು ಕಣೆ," ಎಂದೆ.

ನಮ್ಮೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಲೋಮಿ ಕಂಬ ಬಿಟ್ಟು ನನ್ನ ಹತ್ತಿರ ಬಂದಳು.

"ಯಾವಾಗ ಕೈ ಹಾಕ್ದೆ?"

"ನೀನು ಮಲಗಿದ್ದಾಗ. ತಳ ಹಿಡೀತಿತ್ತು."

"ಎಷ್ಟು ಸುತ್ತು?"

"ಅರ್ಧ ಗಂಟೆ."

ಅವಳು ತಿರುಗಿ ಹೊರಗೆ ನಡೆದಳು. ನಾನು ಕುರ್ಚಿ ತಳ್ಳಿ ಹಿಂದೆಯೇ ಹೋದೆ. ಶೆಡ್ಡಿನ ಹಿಂದೆ ತುಕ್ಕು ಹಿಡಿದ ತೂಕದ ಕಲ್ಲುಗಳು ಬಿದ್ದಿವೆಯಲ್ಲ, ಅವುಗಳ ಮೇಲೆ ಕೂತಿದ್ದಳು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು.

"ಎಬ್ಬಿಸ್ಬಾರ್ದಿತ್ತೇನೋ? ಒಂದು ಕೂಗು ಹಾಕ್ಬಾರ್ದಿತ್ತಾ? ಪೀಪಾಯಿ ಹಾಳಾಗಿದ್ರೆ ಆಗ್ಲಿ ಬಿಡು, ನಾಲಿಗೆ ಹಾಳು ಮಾಡ್ಕೊಂಡ್ಯಲ್ಲೋ. ಇನ್ನು ನಂಗೆ ಹೇಳೋರು ಯಾರು?"

ಅವಳು ಬೈದಿದ್ದರೆ ತಡೆಯುತ್ತಿದ್ದೆ. ಆ ಕೊನೆಯ ಮಾತನ್ನು ಮಗುವಿನ ಹಾಗೆ ಕೇಳಿದಳು. ನನ್ನೊಳಗಿದ್ದದ್ದು ಇನ್ನು ನಿಲ್ಲಲಿಲ್ಲ.

"ನಾನೇ ಹೇಳ್ತೀನಿ," ಎಂದೆ. "ಇದು ನಂಗೆ ಗೊತ್ತಿಲ್ಲ. ಆದ್ರೆ ಈ ಶೆಡ್ಡಿನ ತಗಡು ಗಾಳಿಗೆ ಹಾರಿಹೋಯ್ತಲ್ಲ, ಆ ವರ್ಷದ್ದು ಅಪ್ಪಂದೇ ಆಗಿತ್ತು."

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಬೆರಳು ಮಡಿಸಿ ಎಣಿಸಿದಳು. "ಅದು ಒಂಬತ್ತು ವರ್ಷ ಆಯ್ತು."

"ಹೂಂ."

"ಆಮೇಲಿನವು?"

"ಒಂದು ವರ್ಷ ನೀರು ಹೆಚ್ಚಾಗಿ ತೆಳ್ಳಗಾಯ್ತು. ಮಿಕ್ಕಿದ್ದೆಲ್ಲ ಸಮ. ಮೂರು ಇನ್ನೂ ಚೆನ್ನಾಗಿದ್ವು."

"ಅಪ್ಪಂದಕ್ಕಿಂತ?"

"ಅಪ್ಪಂದಕ್ಕಿಂತ."

ಅವಳ ಮುಖದಲ್ಲಿ ಒಂದು ಕ್ಷಣ ಬಂದುಹೋದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇಪ್ಪತ್ತಾರು ವರ್ಷ ಕಾದದ್ದು ಅದಕ್ಕೇ. ಆಮೇಲೆ ಊದಿದ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದಳು.

"ನೋಡೋ ಇದನ್ನ. ಒಂಬತ್ತು ವರ್ಷ ತಿರುಗಿಸಿದ್ದೀನಿ. ಯಾಕೋ? ನಿಂಗೆ ನಾನೇನು ಮಾಡಿದ್ದೆ?"

"ಹುಟ್ಟು ಅಟ್ಟಕ್ಕೆ ಹಾಕ್ತೀನಿ ಅಂದಿದ್ಯಲ್ಲ. ನಿನ್ನ ಒಲೆ ಆರಿಹೋದ್ರೆ ನಾನು ಯಾರ ಹತ್ರ ಹೋಗ್ಲಿ ಸಲೋಮಿ? ಹೆದರಿಕೆ ಆಯ್ತು. ಅಷ್ಟೇ, ಬೇರೇನಿಲ್ಲ."

ಅವಳು ಎದ್ದು ಮನೆಗೆ ಹೋದಳು. ಒಳಗೆ ಟೀಚರ್ ಇಬ್ಬರ ಹಾಳೆಗಳಿಂದಲೇ ತೀರ್ಪು ಕೊಟ್ಟು, ಶೆಡ್ಡಿನ ಬಾಗಿಲಿನ ಮೇಲೆ ಗೆದ್ದ ಹೆಸರು ಬರೆಸಿದರು. ಕಾಯಿದೆ ಎಂದರೆ ಕಾಯಿದೆ, ಕೈ ಹಾಕಿದವರೆಲ್ಲರ ಹೆಸರೂ ಇರಬೇಕೆಂದು "ಸಲೋಮಿ ಮತ್ತು ಶೇಷಣ್ಣ" ಎಂದು ಸೀಮೆಸುಣ್ಣದಲ್ಲಿ ಬರೆಸಿದ್ದರು. ಮಾರನೆಯ ದಿನ ನೋಡಿದರೆ ಎರಡನೆಯ ಹೆಸರನ್ನು ಯಾರೋ ಸೆರಗಿನಿಂದ ಒರೆಸಿದ್ದರು. ಯಾರೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಅಂದಿನಿಂದ ಗೋಡೆಯ ಮೇಲೆ ತಟ್ಟೆ ಬರಲಿಲ್ಲ. ನಾನು ಇಟ್ಟ ತಟ್ಟೆಯಲ್ಲಿದ್ದದ್ದನ್ನು ಕಾಗೆಗಳು ತಿಂದವು. ಇಪ್ಪತ್ತಮೂರು ದಿನ ನನ್ನ ಸಾರನ್ನು ನಾನೇ ಉಂಡೆ. ಹುಣಸೆಹಣ್ಣು ಹೆಚ್ಚು ಹಾಕಿ ನೋಡಿದೆ, ಮೆಣಸಿನಕಾಯಿ ಒಂದು ಹಿಡಿ ಹಾಕಿ ನೋಡಿದೆ. ಬೆವರು ಬಂತು, ರುಚಿ ಬರಲಿಲ್ಲ. ಗಜೇಂದ್ರ ಕನಿಕರದಿಂದ ಒಂದು ಡಬ್ಬಿ ಪಲಾವ್ ತಂದುಕೊಟ್ಟ. ಪಲಾವ್ ಚೆನ್ನಾಗಿತ್ತು. ತಿನ್ನುತ್ತ ತಿನ್ನುತ್ತ ಅತ್ತುಬಿಟ್ಟೆ, ಅವನು ಖಾರ ಹೆಚ್ಚಾಯಿತೇನೋ ಎಂದು ನೀರು ತಂದ. ನಾಲಿಗೆ ನೆಂಟಸ್ತನ ಬಿಡುವ ಹಾಗಿಲ್ಲ ಎನ್ನುತ್ತಾರೆ, ಆದರೆ ಹೀಗೆ ಮೋಸ ಮಾಡಿದವನಿಗೆ ಏನು ಎಂದು ಹಿರಿಯರು ಯಾರೂ ಹೇಳಿಟ್ಟಿಲ್ಲ. ಅವಳು ಮಾಡಿದ್ದು ಸರಿ ಎಂದು ನನಗೇ ಅನಿಸುತ್ತಿತ್ತು. ಅದರಿಂದ ಹಸಿವೇನೂ ಕಡಿಮೆಯಾಗಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಯಾರದೋ ಹಳೆಯ ಮಿಷನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಿಗೆ ನೆರಳು ಬಿತ್ತು. ಸಲೋಮಿ. ಕೈಯಲ್ಲೊಂದು ಹೊಸ ಹುಟ್ಟು, ಆಚಾರಿಯ ಮನೆಯಿಂದ ಆಗತಾನೇ ತಂದದ್ದು, ಹತ್ತರಿ ಹೊಡೆದ ಮರದ ಪುಡಿ ಇನ್ನೂ ಅಂಟಿಕೊಂಡಿತ್ತು. ಒಳಗೆ ಬಂದು, ನನ್ನನ್ನು ಎಬ್ಬಿಸಿ ನಿಲ್ಲಿಸಿ, ಅದನ್ನು ನನ್ನ ಪಕ್ಕದಲ್ಲಿಟ್ಟು ಭುಜಕ್ಕೆ ಅಳೆದಳು. ಸರಿಯಾಗಿತ್ತು.

"ನಿನ್ನ ನಾಲಿಗೆ ನಂಬೋ ಹಂಗಿಲ್ಲ," ಎಂದಳು. "ಕೈ ಪರವಾಗಿಲ್ಲ ಅಂತ ಟೀಚರ್ ಹೇಳಿದ್ರು. ಬಾರ್ಲಿ ಮೊಳಕೆ ಬಂದಿದೆ, ಹುರಿಯೋಕೆ ಇಡ್ಬೇಕು. ನಂಗೆ ತಿರುಗ್ಸೋಕಾಗಲ್ಲ, ಕೂತು ಹೇಳ್ತೀನಿ, ನೀನು ತಿರುಗಿಸು."

"ಇದೇ ಕೊನೆ ಅಂದಿದ್ಯಲ್ಲ?"

"ಅದು ನನ್ನ ಕೈಗೆ ಕೊನೆ. ನಿನ್ನ ಕೈಯಿಂದ ನಂಗೆ ಒಂಬತ್ತು ವರ್ಷ ಬಾಕಿ ಬರ್ಬೇಕು."

ನಾನು ಹುಟ್ಟನ್ನು ಹಿಡಿದು ನೋಡಿದೆ. ಹಲಸಿನ ಮರ, ಹಗುರವಾಗಿತ್ತು. ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಇದನ್ನ ಹಿಡಿದ್ರೆ ನಿನ್ನ ಪೋರ್ಟರ್ ರುಚಿ ನಂಗಿನ್ನು ಯಾವತ್ತೂ ಸಿಗಲ್ಲ ಕಣೆ."

"ನಂಗೆ ಒಂದಿನಾನೂ ಸಿಕ್ಕಿಲ್ಲ," ಎಂದಳು ಸಲೋಮಿ. "ನಡಿ, ಹೊತ್ತಾಯ್ತು."